ಎಕ್ಸ್‌ರೇ ಸರಿಯಿದೆ, ದಮ್ಮು ಮಾತ್ರ ಬಿಟ್ಟಿಲ್ಲ

ಪ್ರಶ್ನೆ: ಅಮ್ಮನಿಗೆ 62 ವರ್ಷ. ಬೀಡಿ ಕಟ್ಟುತ್ತಿದ್ದರು, ಸೇದಿದವರಲ್ಲ. ಮೂರು ವರ್ಷದಿಂದ ಕೆಮ್ಮು, ಗುಡ್ಡೆ ಹತ್ತಿದರೆ ದಮ್ಮು. ಎಕ್ಸ್‌ರೇ ಸರಿಯಿದೆ ಅಂತಾರೆ. ಹೆಚ್ಚಾದಾಗ ನೆಬುಲೈಸರ್ ಕೊಟ್ಟು ಕಳಿಸುತ್ತಾರೆ. ನಮ್ಮ ಮನೆಯಲ್ಲಿ ಮಾತ್ರ ಹೀಗೆಯೇ? ಮುಂದೇನು ಮಾಡಬೇಕು?
– ಓದುಗರು, ಮೂಡುಬಿದಿರೆ

ಉತ್ತರ: ನಿಮ್ಮ ಮನೆಯಲ್ಲಿ ಮಾತ್ರ ಅಲ್ಲ. 2016ರ ಅಂದಾಜಿನಂತೆ ದೇಶದಲ್ಲಿ ಸುಮಾರು 5.5 ಕೋಟಿ ಜನರಿಗೆ ಸಿಒಪಿಡಿ ಇತ್ತು. ಶ್ವಾಸನಾಳಗಳು ಕಿರಿದಾಗಿ ಹಾಗೇ ಉಳಿದುಬಿಡುವ ಕಾಯಿಲೆ ಇದು. ಅಸ್ತಮಾ ಇದ್ದವರು ಸುಮಾರು 3.8 ಕೋಟಿ. ಸಿಒಪಿಡಿಯ ಹೊರೆಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಮನೆ ಒಳಗಿನ ಮತ್ತು ಹೊರಗಿನ ಗಾಳಿಯ ಮಾಲಿನ್ಯದ್ದು, ತಂಬಾಕಿನದು ಕಾಲು ಭಾಗದಷ್ಟು. ಹಾಗಾಗಿ ಸೇದದವರಿಗೆ ಬರುವುದಿಲ್ಲ ಎಂದುಕೊಳ್ಳಬೇಡಿ. ನಮ್ಮೂರಲ್ಲಿ ಅಡುಗೆಗೆ ಗ್ಯಾಸ್ ಬಂದರೂ ಎಷ್ಟೋ ಮನೆಗಳ ಬಚ್ಚಲೊಲೆಗೆ ಈಗಲೂ ತೆಂಗಿನ ಮಡಲು, ಕೊತ್ತಳಿಗೆ, ಗೆರಟೆಯೇ. ಮಳೆಗಾಲದಲ್ಲಿ ಇವು ಒದ್ದೆಯಾಗಿ ಉರಿಗಿಂತ ಹೊಗೆಯೇ ಹೆಚ್ಚು. ಬೀಡಿಯ ಹೊಗೆಸೊಪ್ಪಿನ ಧೂಳೂ ಶ್ವಾಸನಾಳವನ್ನು ಕೆರಳಿಸುತ್ತದೆ.

ಎರಡು ವಾರ ದಾಟಿದ ಕೆಮ್ಮಾದ್ದರಿಂದ ಮೊದಲು ಕ್ಷಯಕ್ಕೆ ಕಫ ಪರೀಕ್ಷೆ ಮಾಡಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಆಮೇಲೆ ಸ್ಪೈರೋಮೆಟ್ರಿ, ಅಂದರೆ ಯಂತ್ರಕ್ಕೆ ಊದಿಸಿ ಉಸಿರಿನ ಗಾಳಿ ಅಳೆಯುವ ಪರೀಕ್ಷೆ, ಕೇಳಿ ಮಾಡಿಸಿ. ಆರಂಭದ ಸಿಒಪಿಡಿ ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು.

ಸ್ಪೈರೋಮೆಟ್ರಿಯಲ್ಲಿ ಮೂಗಿಗೆ ಕ್ಲಿಪ್ ಹಾಕಿ, ಎದೆ ತುಂಬ ಉಸಿರೆಳೆದು, ಒಮ್ಮೆಲೇ ಜೋರಾಗಿ ಊದಿ, ಕನಿಷ್ಠ ಆರು ಸೆಕೆಂಡು ಬಿಡದೆ ಊದುತ್ತಿರಬೇಕು. ಸರಿಯಾದ ಮೂರು ಊದು ಬೇಕು. ನಂತರ ಶ್ವಾಸನಾಳ ಹಿಗ್ಗಿಸುವ ಮದ್ದು ಸಾಲ್ಬುಟಮಾಲ್ 400 ಮೈಕ್ರೊಗ್ರಾಂ ಕೊಟ್ಟು, 15 ನಿಮಿಷ ಬಿಟ್ಟು ಮತ್ತೆ ಊದಿಸುತ್ತಾರೆ. ಆಗಲೂ ಮೊದಲ ಸೆಕೆಂಡಿನಲ್ಲಿ ಹೊರಬಂದ ಗಾಳಿ ಒಟ್ಟು ಗಾಳಿಯ 0.70ಕ್ಕಿಂತ ಕಡಿಮೆಯಿದ್ದರೆ ಸಿಒಪಿಡಿಯತ್ತ ಬೊಟ್ಟು ಮಾಡುತ್ತದೆ. ಎಡವುವುದು ಇಲ್ಲೇ: ಎರಡೇ ಸೆಕೆಂಡಿಗೆ ನಿಲ್ಲಿಸಿದರೆ ಒಟ್ಟು ಗಾಳಿ ಕಡಿಮೆ ದಾಖಲಾಗಿ, ಅನುಪಾತ ಚೆನ್ನಾಗಿಯೇ ಕಾಣುತ್ತದೆ, ಕಾಯಿಲೆ ಮರೆಯಾಗುತ್ತದೆ. ಅಮ್ಮನ ಪಕ್ಕ ನಿಂತು ಅವರ ಭಾಷೆಯಲ್ಲೇ ‘ಇನ್ನೂ, ಇನ್ನೂ’ ಎಂದು ಹುರಿದುಂಬಿಸುವ ತಂತ್ರಜ್ಞರು ಬೇಕು. ಯಂತ್ರವನ್ನು ಮೂರು ಲೀಟರ್ ಸಿರಿಂಜ್‌ನಿಂದ ಆಗಾಗ ಪರೀಕ್ಷಿಸಬೇಕು, ಒಬ್ಬೊಬ್ಬರಿಗೂ ಹೊಸ ಫಿಲ್ಟರ್ ಹಾಕಬೇಕು.

ನಮ್ಮ ಒತ್ತಾಯ ಇದು: ತಾಲೂಕು ಆಸ್ಪತ್ರೆಗಳಿಗೆ ಯಂತ್ರದ ಜೊತೆ ತರಬೇತಾದವರೂ ಬರಲಿ, ಇನ್ಹೇಲರ್ ವರ್ಷವಿಡೀ ಸಿಗಲಿ. ಸಾಂಕ್ರಾಮಿಕವಲ್ಲದ ರೋಗಗಳ ರಾಷ್ಟ್ರೀಯ ಕಾರ್ಯಕ್ರಮದ ವ್ಯಾಪ್ತಿಯಲ್ಲಿ ಸಿಒಪಿಡಿ, ಅಸ್ತಮಾ ಎರಡೂ ಇವೆ. ಆದರೆ ಆಯುಷ್ಮಾನ್ ಕಾರ್ಡಿನ ನೆರವು ಮುಖ್ಯವಾಗಿ ದಾಖಲಾದವರಿಗೆ. ದಿನವೂ ಎಳೆಯಬೇಕಾದ ಮದ್ದನ್ನು ಮನೆಯವರೇ ಕೊಳ್ಳುವಂತಾದರೆ, ಕೆಮ್ಮು ಕಡಿಮೆಯಾದ ತಿಂಗಳು ನಿಲ್ಲಿಸುತ್ತಾರೆ; ಮತ್ತೆ ದಾಖಲಾಗುತ್ತಾರೆ. ಜನೌಷಧಿ ಅಂಗಡಿಯಲ್ಲೂ ವಿಚಾರಿಸಿ.

ಒತ್ತುವ ಇನ್ಹೇಲರ್ ಬರೆದುಕೊಟ್ಟರೆ ಸ್ಪೇಸರ್ (ಇನ್ಹೇಲರ್ ಮತ್ತು ಬಾಯಿಯ ನಡುವೆ ಇಡುವ ಕೊಳವೆ) ಕೇಳಿ. ಕುಲುಕಿ, ಒಂದು ಸಲ ಒತ್ತಿ, ನಿಧಾನ ಎಳೆದು, ಹತ್ತು ಸೆಕೆಂಡು ಉಸಿರು ಹಿಡಿಯಬೇಕು. ಎರಡನೆಯದು ಅರ್ಧ ನಿಮಿಷದ ನಂತರ. ಎರಡನ್ನೂ ಒಟ್ಟಿಗೆ ಒತ್ತಿದರೆ ಮದ್ದು ಸ್ಪೇಸರ್‌ಗೇ ಅಂಟುತ್ತದೆ. ಸ್ಪೇಸರನ್ನು ಸೋಪುನೀರಲ್ಲಿ ಅದ್ದಿ ತೆಗೆದು, ಒರೆಸದೆ ಒಣಗಿಸಿ. ಇನ್ಹೇಲರ್‌ನಲ್ಲಿ ಸ್ಟೀರಾಯ್ಡ್ ಇದ್ದರೆ, ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು.

ಪ್ರಶ್ನೆ: ಅಪ್ಪನಿಗೆ ಸಿಒಪಿಡಿ. ಆಕ್ಸಿಮೀಟರ್ 93 ತೋರಿಸುತ್ತದೆ. ಆಕ್ಸಿಜನ್ ಕಾನ್ಸಂಟ್ರೇಟರ್ ತರಬೇಕೇ?
– ಓದುಗರು, ಕುಂದಾಪುರ

ಉತ್ತರ: ಈಗ ಬೇಡ. ಕಾಯಿಲೆ ಸ್ಥಿರವಾಗಿದ್ದಾಗ, ಕೂತಲ್ಲೇ 88 ಅಥವಾ ಕಡಿಮೆ ಇದ್ದು, ರಕ್ತಪರೀಕ್ಷೆಯಲ್ಲೂ ಖಚಿತವಾದರೆ ಮಾತ್ರ ವೈದ್ಯರು ಬರೆಯುತ್ತಾರೆ. ಆಗ ದಿನಕ್ಕೆ 15 ಗಂಟೆಯಾದರೂ ಬೇಕು. ಸಿಒಪಿಡಿ ಇದ್ದವರಿಗೆ ಆಕ್ಸಿಜನ್ ಕೊಡುವಾಗ ಗುರಿ 88ರಿಂದ 92. ನೀವೇ ಹೆಚ್ಚು ಹರಿಸಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿ ಮಂಪರು ಬರಬಹುದು. ಆ ದುಡ್ಡಿನಲ್ಲಿ ಇನ್ಹೇಲರ್ ತಪ್ಪದಂತೆ ನೋಡಿಕೊಳ್ಳಿ, ಪ್ರತಿವರ್ಷ ಫ್ಲೂ ಲಸಿಕೆ ಹಾಕಿಸಿ.