ನೆಲ್ಲಿಕಾಯಿ ಕಾಲದಲ್ಲಿ ಮಾವಿನಹಣ್ಣಿನ ವಾಸನೆ

ಪ್ರಶ್ನೆ: ಸರ್, ನನಗೆ 43 ವರ್ಷ, ದಾವಣಗೆರೆಯಲ್ಲಿ ಕೆಲಸ. ಹದಿನೆಂಟು ವರ್ಷ ದಿನಕ್ಕೆ ಎಂಟು-ಹತ್ತು ಸಿಗರೇಟು ಸೇದುತ್ತಿದ್ದೆ. ಮೂರು ವರ್ಷದ ಹಿಂದೆ ಬಿ.ಪಿ. ಬಂತು, ಡಾಕ್ಟರ್ ಬೈದರು, ಬಿಟ್ಟೆ. ಹೆಂಡತಿ ಊರಿಗೆಲ್ಲ ಹೇಳಿಕೊಂಡು ಬಂದಳು. ಈ ದೀಪಾವಳಿಗೆ ಬರ್ಮಿಂಗ್‌ಹ್ಯಾಮ್‌ನಿಂದ ಬಾಮೈದ ಬಂದಿದ್ದ. ಒಂದು ಹೊಸ ವೇಪ್, ಅಂದರೆ ಇ-ಸಿಗರೇಟು, ಕೊಟ್ಟ. ‘ಭಾವ, ಇದರಲ್ಲಿ ಹೊಗೆ ಇಲ್ಲ, ಬರೀ ಆವಿ. ಅಲ್ಲಿ ಸರ್ಕಾರವೇ ಪುಕ್ಕಟೆ ಕೊಡುತ್ತೆ’ ಅಂದ. ಮಾವಿನಹಣ್ಣಿನ ರುಚಿ. ನೋಡೋಣ ಅಂತ ಎಳೆದೆ. ಕೆಮ್ಮೂ ಬರಲಿಲ್ಲ, ಗಂಟಲೂ ಉರಿಯಲಿಲ್ಲ. ಹೋಗುವಾಗ ಅದಕ್ಕೆ ಹಾಕುವ, ದ್ರವ ತುಂಬಿದ ಹತ್ತು ಪಾಡ್ ಕೊಟ್ಟು ಹೋದ. ಮೊದಲನೆಯದು ಒಂಬತ್ತು ದಿನ ಬಂತು. ಈಗ ಎರಡೇ ದಿನಕ್ಕೆ ಒಂದು ಖಾಲಿ. ಇನ್ನು ಎರಡು ಉಳಿದಿವೆ. ಮೇಲೆ 2% ನಿಕೋಟಿನ್ ಅಂತಿದೆ, ಅದೇನು ಜಾಸ್ತಿ ಅಲ್ಲ ಅಲ್ವಾ? ಬಾತ್‌ರೂಮಿನಲ್ಲಿ ಸೇದುತ್ತೇನೆ. ತುಳಸಿ ಪೂಜೆ ದಿನ ಒಂಬತ್ತು ವರ್ಷದ ಮಗಳು ‘ಅಪ್ಪಾ, ಮಾವಿನಹಣ್ಣು ತಂದಿದೀಯಾ?’ ಅಂತ ಕೇಳಿದಳು. ರೂಮ್ ಫ್ರೆಶ್ನರ್ ಅಂದೆ. ಬೆಂಗಳೂರಿನ ಒಬ್ಬ ವಾಟ್ಸ್ಆ್ಯಪ್‌ನಲ್ಲಿ ‘ಕೊರಿಯರ್ ಮಾಡ್ತೀನಿ’ ಅಂತಿದಾನೆ. ತರಿಸಲಾ? ಸಿಗರೇಟು ಸೇದುತ್ತಿಲ್ಲ ತಾನೆ? ಹೆಂಡತಿಗೆ ಹೇಳಿದರೆ ಅಕ್ಕ-ತಮ್ಮನ ನಡುವೆ ಜಗಳ ಗ್ಯಾರಂಟಿ.

ಉತ್ತರ: ನೆಲ್ಲಿಕಾಯಿ ಕೊಂಬೆ ತರುವ ದಿನ ಮಾವಿನಹಣ್ಣು ಎಲ್ಲಿಂದ ಬಂತು ಅಂತ ಕೇಳುವ ಮಗಳು ಮನೆಯಲ್ಲಿದ್ದಾಳೆ. ನಿಮ್ಮ ಗುಟ್ಟು ಇನ್ನೆಷ್ಟು ದಿನ ನಿಂತೀತು? ಅದಕ್ಕೇ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಕೊರಿಯರ್ ತರಿಸಬೇಡಿ. ಹೆಂಡತಿಗೆ ಹೇಳಿ. ಯಾಕೆ ಅನ್ನುವುದನ್ನು ನಿಧಾನವಾಗಿ ಮಾತಾಡೋಣ.

ಬಾಮೈದ ಸುಳ್ಳು ಹೇಳಿಲ್ಲ. ಸೇದುವ ಹತ್ತು ಲಕ್ಷ ಜನಕ್ಕೆ ವೇಪ್ ಕಿಟ್ ಪುಕ್ಕಟೆ ಕೊಡುವ ಯೋಜನೆಯನ್ನು ಬ್ರಿಟನ್ ಸರ್ಕಾರ 2023ರಲ್ಲಿ ಪ್ರಕಟಿಸಿದ್ದು ನಿಜ. ಸಿಗರೇಟಿನಲ್ಲಿ ತಂಬಾಕು ಉರಿಯುತ್ತದೆ. ಕ್ಯಾನ್ಸರ್ ತರುವ ಟಾರು, ರಕ್ತಕ್ಕೆ ಸೇರುವ ಕಾರ್ಬನ್ ಮಾನಾಕ್ಸೈಡ್ ಎಲ್ಲ ಹುಟ್ಟುವುದು ಆ ಬೆಂಕಿಯಿಂದ. ವೇಪ್‌ನಲ್ಲಿ ಬೆಂಕಿ ಇಲ್ಲ. ಬ್ಯಾಟರಿಯಿಂದ ಕಾಯುವ ಒಂದು ಪುಟ್ಟ ತಂತಿ ದ್ರವವನ್ನು ಆವಿ ಮಾಡುತ್ತದೆ, ಅಷ್ಟೇ. ಅದಕ್ಕೇ ಸಿಗರೇಟಿಗಿಂತ ಹಾನಿ ಕಡಿಮೆ ಅನ್ನುತ್ತಾರೆ. ಸಿಗರೇಟು ಬಿಡಿಸುವುದರಲ್ಲಿ ಇದು ನಿಕೋಟಿನ್ ಗಮ್‌ಗಿಂತ ಹೆಚ್ಚು ಜನಕ್ಕೆ ಕೆಲಸ ಮಾಡಿದೆ ಅಂತಲೂ ಪರೀಕ್ಷೆಗಳು ತೋರಿಸಿವೆ. ಇದನ್ನೆಲ್ಲ ಮುಚ್ಚಿಟ್ಟು ನಿಮ್ಮನ್ನು ಹೆದರಿಸಬಹುದಿತ್ತು. ಆಗ ನೀವು ಫೋನಿನಲ್ಲಿ ಹುಡುಕಿ ನೋಡಿ, ‘ಈ ಅಂಕಣದವರೂ ಸುಮ್ನೆ ಹೆದರಿಸ್ತಾರೆ’ ಅಂದುಕೊಂಡು ಮತ್ತೆರಡು ದಮ್ ಎಳೆಯುತ್ತಿದ್ದಿರಿ.

ಆದರೆ ಅದೇ ಬ್ರಿಟನ್‌ನ ಆರೋಗ್ಯ ಸೇವೆ ಇನ್ನೊಂದು ಮಾತನ್ನೂ ಹೇಳುತ್ತದೆ. ಸಿಗರೇಟು ಸೇದದವರು ವೇಪ್ ಮುಟ್ಟಬೇಡಿ ಅಂತ. ಅದನ್ನು ಬಾಮೈದ ನಿಮಗೆ ಹೇಳಲಿಲ್ಲ. ಮಹಡಿಯಲ್ಲಿ ಸಿಕ್ಕಿಹಾಕಿಕೊಂಡವನಿಗೆ ಏಣಿ ಕೊಟ್ಟರೆ ಇಳಿದು ಬರುತ್ತಾನೆ. ದೀಪಾವಳಿಯ ದಿನ ನೀವು ಆಗಲೇ ಅಂಗಳದಲ್ಲಿ ನಿಂತಿದ್ದಿರಿ, ಅದೂ ಮೂರು ವರ್ಷದಿಂದ. ನಿಮ್ಮ ಕೈಗೆ ಏಣಿ ಕೊಟ್ಟರೆ ನೀವು ಹತ್ತದೆ ಇನ್ನೇನು ಮಾಡುತ್ತೀರಿ?

ಸಿಗರೇಟು ಸೇದುತ್ತಿಲ್ಲ ತಾನೆ ಅಂತ ಕೇಳಿದ್ದೀರಿ. ಹೌದು, ಸೇದುತ್ತಿಲ್ಲ. ಆದರೆ ಅಷ್ಟು ಕಷ್ಟಪಟ್ಟು ಆಚೆ ಹಾಕಿದ್ದ ನಿಕೋಟಿನ್ ಹಿತ್ತಲ ಬಾಗಿಲಿನಿಂದ ಬಂದು ಒಳಗೆ ಕೂತಿದೆ. ಎಷ್ಟು ಬಂದಿದೆ ಅಂತ ಲೆಕ್ಕ ಹಾಕೋಣ. ಹಾಲಿನ ಪ್ಯಾಕೆಟ್ ಮೇಲಿನ ‘3% ಕೊಬ್ಬು’ ನೋಡಿದ ಕಣ್ಣಿಗೆ 2% ಅನ್ನುವುದು ಏನೂ ಅನ್ನಿಸುವುದಿಲ್ಲ. 2% ಅಂದರೆ ಒಂದು ಮಿಲಿಲೀಟರಿಗೆ 20 ಮಿಲಿಗ್ರಾಂ. ಬ್ರಿಟನ್‌ನಲ್ಲಿ ಕಾನೂನು ಒಪ್ಪುವ ಗರಿಷ್ಠ ಮಟ್ಟವೇ ಅದು. ಅಲ್ಲಿಯ ಪಾಡ್‌ನಲ್ಲಿ ಹೆಚ್ಚೆಂದರೆ 2 ಮಿಲಿಲೀಟರ್ ಇರಬಹುದು. ನಿಮ್ಮದೂ ಅಷ್ಟೇ ಇದ್ದರೆ ಒಂದು ಪಾಡ್‌ನಲ್ಲಿ 40 ಮಿಲಿಗ್ರಾಂ ಆಯಿತು. ಒಂದು ಸಿಗರೇಟಿನಿಂದ ರಕ್ತಕ್ಕೆ ಸೇರುವುದು ಸುಮಾರು 1ರಿಂದ 1.5 ಮಿಲಿಗ್ರಾಂ. ಪಾಡ್‌ನಲ್ಲಿ ಇರುವುದೆಲ್ಲ ಮೈಗೆ ಹತ್ತುವುದಿಲ್ಲ ಅನ್ನಿ. ಅರ್ಧ ಹತ್ತಿದರೂ ಹದಿನೈದಿಪ್ಪತ್ತು ಸಿಗರೇಟಿನಷ್ಟು. ಎರಡು ದಿನಕ್ಕೊಂದು ಪಾಡ್ ಅಂದರೆ ದಿನಕ್ಕೆ ಎಂಟು-ಹತ್ತು. ಈ ಲೆಕ್ಕ ಎಲ್ಲೋ ಕೇಳಿದ ಹಾಗಿದೆ ಅಲ್ವಾ? ನಿಮ್ಮ ಪತ್ರದ ಎರಡನೇ ಸಾಲಿನಲ್ಲೇ ಇದೆ.

ಗಂಟಲು ಉರಿಯಲಿಲ್ಲ ಅಂದಿರಿ. ಅದೇ ಇದರ ಕಿಲಾಡಿತನ. ಇಂಥ ಪಾಡ್‌ಗಳಲ್ಲಿ ಹೆಚ್ಚಾಗಿ ಇರುವುದು ನಿಕೋಟಿನ್ ಸಾಲ್ಟ್. ನಿಕೋಟಿನ್ ಜೊತೆ ಬೆಂಜೋಯಿಕ್ ಆಮ್ಲದಂಥದ್ದನ್ನು ಸೇರಿಸಿ ಅದರ ಘಾಟು ತೆಗೆದಿರುತ್ತಾರೆ. ಘಾಟಿದ್ದರೆ ಗಂಟಲೇ ಸಾಕು ಅನ್ನುತ್ತಿತ್ತು. ಸಿಗರೇಟಾದರೆ ತುದಿಗೆ ಬಂದಾಗ ಬೆರಳು ಸುಡುತ್ತದೆ, ಬಿಸಾಕುತ್ತೇವೆ. ಇದಕ್ಕೆ ತುದಿಯೇ ಇಲ್ಲ. ಎರಡು ದಮ್, ಜೇಬಿಗೆ. ಐದು ನಿಮಿಷ ಬಿಟ್ಟು ಮತ್ತೆ ಎರಡು. ಒಂಬತ್ತು ದಿನ ಬರುತ್ತಿದ್ದ ಪಾಡ್ ಎರಡು ದಿನಕ್ಕೆ ಇಳಿದದ್ದು ಹೀಗೆ. ನಿಕೋಟಿನ್ ಎದೆಬಡಿತವನ್ನೂ ಬಿ.ಪಿ.ಯನ್ನೂ ಏರಿಸುತ್ತದೆ. ಮಾತ್ರೆ ತಗೊಳ್ಳುತ್ತಿದ್ದರೆ, ಒಂದು ಕೈಯಲ್ಲಿ ಇಳಿಸಿ ಇನ್ನೊಂದು ಕೈಯಲ್ಲಿ ಏರಿಸುತ್ತಿದ್ದೀರಿ.

ನಾನು ಇದನ್ನು ಮೇಲೆ ಕೂತು ಹೇಳುತ್ತಿಲ್ಲ. ಸಿಗರೇಟು ಬಿಟ್ಟು ನಾಲ್ಕು ವರ್ಷ ಆದ ಮೇಲೆ ಗೆಳೆಯನ ಮದುವೆಯಲ್ಲಿ, ಛತ್ರದ ಹಿಂದೆ, ‘ಒಂದೇ ಒಂದು’ ಅಂತ ಸೇದಿದವನು ನಾನು. ಆ ಒಂದರಿಂದ ಹೊರಗೆ ಬರಲು ಏಳು ತಿಂಗಳು ಹಿಡಿಯಿತು. ಅಷ್ಟೂ ದಿನ ಜೇಬಿನಲ್ಲಿ ಏಲಕ್ಕಿ ಇಟ್ಟುಕೊಂಡು ಓಡಾಡಿದೆ. ಹೆಂಡತಿಗೆ ಎರಡನೇ ವಾರವೇ ಗೊತ್ತಾಗಿತ್ತಂತೆ. ನಾನಾಗಿ ಹೇಳಲಿ ಅಂತ ಕಾದಿದ್ದಳು.

ಇನ್ನು ಕೊರಿಯರ್ ವಿಷಯ. ಕರ್ನಾಟಕದಲ್ಲಿ ಇ-ಸಿಗರೇಟು 2016ರಲ್ಲೇ ನಿಷೇಧವಾಯಿತು. ಕೇಂದ್ರ ಸರ್ಕಾರ 2019ರ ಸೆಪ್ಟೆಂಬರ್‌ನಲ್ಲಿ ಸುಗ್ರೀವಾಜ್ಞೆ ತಂದು, ಡಿಸೆಂಬರ್ ಹೊತ್ತಿಗೆ ಕಾನೂನೇ ಮಾಡಿತು. ತಯಾರಿ, ಆಮದು, ಸಾಗಣೆ, ಮಾರಾಟ, ಜಾಹೀರಾತು ಎಲ್ಲವೂ ಅಪರಾಧ. ಮೊದಲ ಸಲಕ್ಕೇ ಒಂದು ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಸೇದಿದ್ದಕ್ಕೆ ಅಂತ ಬೇರೆ ಶಿಕ್ಷೆಯನ್ನು ಆ ಕಾನೂನು ಹೇಳುವುದಿಲ್ಲ. ಆದರೆ ವಾಟ್ಸ್ಆ್ಯಪ್‌ನ ಆ ಮನುಷ್ಯ ಮಾರುವುದು ಕಳ್ಳಮಾಲು. ಬಾಮೈದ ಸೂಟ್‌ಕೇಸಿನಲ್ಲಿ ತಂದದ್ದೂ ಆಮದೇ.

ಕಳ್ಳಮಾಲಿನಲ್ಲಿ ನನ್ನನ್ನು ಕಾಡುವುದು ಪೊಲೀಸರಿಗಿಂತ ಜಾಸ್ತಿ ಅದರೊಳಗಿನ ದ್ರವ. 2019ರಲ್ಲಿ ಅಮೆರಿಕದಲ್ಲಿ ವೇಪ್ ಸೇದಿದವರು ಉಸಿರಾಡಲಾಗದೆ ಆಸ್ಪತ್ರೆ ಸೇರತೊಡಗಿದರು. 2020ರ ಫೆಬ್ರವರಿ ಹೊತ್ತಿಗೆ ಅಂಥವರು 2,800 ದಾಟಿದ್ದರು, 68 ಜನ ಸತ್ತಿದ್ದರು. ಹೆಚ್ಚಿನವರು ಸೇದಿದ್ದು ಗಾಂಜಾ ಅಂಶದ ವೇಪ್, ಅದೂ ಅವರಿವರ ಕೈಯಿಂದ ಕೊಂಡದ್ದು. ಅದರಲ್ಲಿ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್ ಅನ್ನುವ ಎಣ್ಣೆಯಂಥ ಪದಾರ್ಥವೇ ಮುಖ್ಯ ಕಾರಣ ಅಂತ ಆಮೇಲೆ ಗೊತ್ತಾಯಿತು. ನಿಮ್ಮ ಮಾವಿನ ಪಾಡ್‌ನಲ್ಲಿ ಅದಿದೆ ಅಂತ ಹೇಳುತ್ತಿಲ್ಲ. ಆದರೆ ಬೆಂಗಳೂರಿನಿಂದ ಬರುವ ಡಬ್ಬಿಯೊಳಗೆ ಏನಿದೆ ಅಂತ ಪರೀಕ್ಷೆ ಮಾಡುವವರು ಇಲ್ಲಿ ಯಾರೂ ಇಲ್ಲ.

ಬಿಡುವುದು ಹೇಗೆ? ಒಮ್ಮೆ ಬಿಟ್ಟವರಿಗೆ ನಾನು ಪಾಠ ಹೇಳಬೇಕಾಗಿಲ್ಲ. ಮೊದಲ ಎರಡು-ಮೂರು ದಿನ ತಲೆಬಿಸಿ, ಸಿಡುಕು, ನಿದ್ದೆ ಇಲ್ಲ. ಮೂರ್ನಾಲ್ಕು ವಾರದಲ್ಲಿ ಬಹಳಷ್ಟು ಇಳಿಯುತ್ತದೆ. ಐದು ವಾರದ ಚಟವನ್ನು ಕೀಳುವುದು ಹದಿನೆಂಟು ವರ್ಷದ್ದಕ್ಕಿಂತ ಸುಲಭ. ಮಂಡಕ್ಕಿ-ಮಿರ್ಚಿ ತಿಂದು ಟೀ ಕುಡಿದ ಕೂಡಲೇ ಕೈ ಜೇಬಿಗೆ ಹೋಗುತ್ತದಲ್ಲ, ಆ ಗಳಿಗೆಯನ್ನು ದಾಟಬೇಕು. ಆ ಆಸೆ ಕೆಲವೇ ನಿಮಿಷದ್ದು. ಎದ್ದು ಒಂದು ಸುತ್ತು ನಡೆಯಿರಿ. ತೀರಾ ಕಷ್ಟವಾದರೆ ಮೆಡಿಕಲ್ ಶಾಪಿನಲ್ಲಿ 2 ಮಿಲಿಗ್ರಾಂ ನಿಕೋಟಿನ್ ಗಮ್ ಸಿಗುತ್ತದೆ. ಆದರೆ ಬಿ.ಪಿ. ಇರುವುದರಿಂದ ಮೊದಲು ನಿಮ್ಮ ಡಾಕ್ಟರಿಗೆ ತೋರಿಸಿ. ಬೈದವರೇ ಆಗಿದ್ದರೂ ಪರವಾಗಿಲ್ಲ, ವೇಪ್ ವಿಷಯವನ್ನೂ ಹೇಳಿ. ಗಮ್ಮನ್ನು ಬಬಲ್ ಗಮ್ ಹಾಗೆ ಜಗಿಯುತ್ತಲೇ ಇರಬಾರದು. ನಿಧಾನವಾಗಿ ಜಗಿದು, ನಾಲಿಗೆ ಚುರುಚುರು ಅಂದಾಗ ಕೆನ್ನೆಯ ಒಳಗೆ ಒತ್ತಿಟ್ಟುಕೊಳ್ಳಬೇಕು. ಟೀ, ಕಾಫಿ ಜೊತೆ ಬೇಡ, ಮೈಗೆ ಹತ್ತುವುದಿಲ್ಲ. ಮಾತಾಡಲು ಜನ ಬೇಕಾದರೆ ತಂಬಾಕು ಬಿಡುವವರಿಗೆ ಅಂತಲೇ 1800-11-2356 ಅನ್ನುವ ಉಚಿತ ನಂಬರ್ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಅದರ ಕೇಂದ್ರವಿದೆ. ಕನ್ನಡದಲ್ಲೇ ಮಾತಾಡಬಹುದು.

ಈಗ ಮನೆಯವರ ವಿಷಯ. ನಿಮ್ಮ ಪತ್ರದಲ್ಲಿ ನನಗೆ ಅತಿ ಕಷ್ಟ ಅನ್ನಿಸಿದ್ದು ಇದೇ. ‘ನಿನ್ನ ತಮ್ಮ ಕೊಟ್ಟ’ ಅಂತ ಶುರು ಮಾಡಿದರೆ ಜಗಳ ಅಲ್ಲಿಂದಲೇ ಶುರು. ‘ನಾನು ಮತ್ತೆ ಜಾರಿದೀನಿ, ಐದು ವಾರ ಆಯ್ತು, ಬಿಡಬೇಕು, ನೀನು ಜೊತೆಗಿರು’ ಅಂತ ಶುರು ಮಾಡಿ. ಎಲ್ಲಿಂದ ಬಂತು ಅಂತ ಅವರೇ ಕೇಳುತ್ತಾರೆ. ಆಗ ಹೇಳಿ, ಮುಚ್ಚಿಡಬೇಡಿ. ಎಳೆದದ್ದು ನಾನು ಅನ್ನುವುದನ್ನೂ ಸೇರಿಸಿ. ಕೋಪ ಬರುತ್ತದೆ, ಬರಲಿ. ಊರಿಗೆಲ್ಲ ಹೇಳಿಕೊಂಡು ಬಂದವರಿಗೆ ಅಷ್ಟು ಹಕ್ಕಿದೆ. ಬಾಮೈದನಿಗೆ ನೀವೇ ಫೋನ್ ಮಾಡಿ. ‘ನೀನು ಒಳ್ಳೇದಕ್ಕೇ ಕೊಟ್ಟೆ, ನನಗೆ ಒಗ್ಗಲಿಲ್ಲ, ಮುಂದಿನ ಸಲ ತರಬೇಡ’ ಅನ್ನಿ, ಸಾಕು. ಇಲ್ಲಿಯ ಕಾನೂನಿನ ವಿಷಯವನ್ನೂ ಕಿವಿಗೆ ಹಾಕಿಬಿಡಿ.

ಉಳಿದ ಎರಡು ಪಾಡ್? ‘ಇವು ಮುಗಿದ ಮೇಲೆ ಬಿಡ್ತೀನಿ’ ಅನ್ನಬೇಡಿ. ಕೊನೆಯ ಪ್ಯಾಕ್ ಅಂತ ಎಷ್ಟು ಸಲ ಅಂದುಕೊಂಡಿದ್ದಿರಿ, ನೆನಪಿದೆಯಾ? ಗೆಳೆಯರಿಗೂ ಕೊಡಬೇಡಿ. ಆ ದ್ರವ ಮಕ್ಕಳ ಬಾಯಿಗೆ ಹೋದರೆ ವಿಷ, ಅದೂ ಮಾವಿನಹಣ್ಣಿನ ವಾಸನೆ ಬೇರೆ. ಅದಕ್ಕೇ ಇವತ್ತೇ ಮಗಳ ಕೈಗೆ ಸಿಗದ ಕಡೆ ಎತ್ತಿಡಿ. ವೇಪ್ ಒಳಗೆ ಲಿಥಿಯಂ ಬ್ಯಾಟರಿ ಇರುವುದರಿಂದ ಅದನ್ನೂ ಪಾಡ್‌ಗಳನ್ನೂ ಕಸದ ಗಾಡಿಗೆ ಹಾಕದೆ ಇ-ತ್ಯಾಜ್ಯ ತಗೊಳ್ಳುವ ಕಡೆ ಕೊಡಿ.

ಮಗಳಿಗೆ ಹೇಳಿದ ರೂಮ್ ಫ್ರೆಶ್ನರ್ ಮಾತನ್ನೂ ವಾಪಸ್ ತಗೊಳ್ಳಿ. ಅವಳಿಗೆ ನಿಕೋಟಿನ್ ಲೆಕ್ಕವೆಲ್ಲ ಬೇಡ. ‘ಅದು ಸಿಗರೇಟಿನ ಥರದ್ದು, ಅಪ್ಪ ತಪ್ಪು ಮಾಡಿದ್ದೆ, ಈಗ ಬಿಡ್ತಾ ಇದೀನಿ’ ಅಂದರೆ ಸಾಕು. ಆಮೇಲೆ ದಿನಾ ಬಾತ್‌ರೂಮಿನ ಬಾಗಿಲಲ್ಲಿ ನಿಂತು ಮೂಸಿ ನೋಡುತ್ತಾಳೆ. ನೋಡಲಿ ಬಿಡಿ.