ಮಾಲ್ಗುಡಿ ಡೇಸ್ ಯಾವ ಕಂತಿನಿಂದ ಶುರು ಮಾಡಬೇಕು? ಶೂಟಿಂಗ್ ಹೊನ್ನಾವರದಲ್ಲಿ ಆಗಿದ್ದಾ?

ನಿಮ್ಮದು ಒಂದು ಪ್ರಶ್ನೆಯಲ್ಲ, ಮೂರು. ಮಕ್ಕಳಿಗೆ ತೋರಿಸಲು ಎಲ್ಲಿಂದ ಶುರು ಮಾಡಲಿ, ಯಾವ ಭಾಷೆಯಲ್ಲಿ ನೋಡಲಿ, ಮತ್ತೆ ಈ ಧಾರಾವಾಹಿಯ ನಿರ್ದೇಶಕ ಶಂಕರ್ ನಾಗ್ ಹೊನ್ನಾವರದವರಲ್ವಾ, ಹಾಗಾದರೆ ಶೂಟಿಂಗೂ ಅಲ್ಲೇ ಆಗಿದ್ದಾ ಅಂತ. ನಾನು ಹೊನ್ನಾವರದವನು. ಕೊನೆಯದ್ದನ್ನೇ ಮೊದಲು ಹೇಳಿಬಿಡುತ್ತೇನೆ. ಅದರ ಮೇಲೆ ನಮ್ಮಲ್ಲಿ ಪ್ರತಿ ವರ್ಷ ಜಗಳ ಆಗುತ್ತದೆ.

ಇಲ್ಲ, ಹೊನ್ನಾವರದಲ್ಲಿ ಅಲ್ಲ. ಹೆಚ್ಚಿನ ಶೂಟಿಂಗ್ ನಡೆದಿದ್ದು ಆಗುಂಬೆಯಲ್ಲಿ. ಅದು ಶಿವಮೊಗ್ಗ ಜಿಲ್ಲೆ, ತೀರ್ಥಹಳ್ಳಿ ತಾಲೂಕು. ಕತೆಯ ಪುಟ್ಟ ಹುಡುಗ ಸ್ವಾಮಿಯ ಮನೆ ಅಂತ ನೀವು ನೋಡುವುದು ಅಲ್ಲಿನ ದೊಡ್ಡಮನೆ. ಮಾಲ್ಗುಡಿ ರೈಲ್ವೆ ಸ್ಟೇಷನ್ ಅಂದರೆ ಶಿವಮೊಗ್ಗ–ತಾಳಗುಪ್ಪ ಲೈನಿನ ಅರಸಾಳು. ಆ ಹಳೇ ಕಟ್ಟಡವನ್ನು ರಿಪೇರಿ ಮಾಡಿ 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಮಾಡಿದ್ದಾರೆ.

ಆದರೆ ಇದನ್ನು ನಮ್ಮ ಹೈಸ್ಕೂಲ್ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಹೇಳಿ ನೋಡಿ. ನವೆಂಬರ್ 9 ಶಂಕರ್ ನಾಗ್ ಹುಟ್ಟಿದ ದಿನ. ಅವತ್ತು ಬೆಳಗಾಗುವುದೇ ತಡ, ಯಾರಾದರೊಬ್ಬ 'ಮಾಲ್ಗುಡಿ ಅಂದರೆ ನಮ್ಮೂರೇ' ಅಂತ ಹಾಕುತ್ತಾನೆ. ಒಮ್ಮೆ ಒಬ್ಬ ಶರಾವತಿ ಸೇತುವೆಯ ಫೋಟೋ ಹಾಕಿ 'ಇದೇ ಮಾಲ್ಗುಡಿಯ ಸರಯೂ ನದಿ' ಅಂದ. ನಾನು ಆಗುಂಬೆ ಅಂತ ತಿದ್ದಲು ಹೋದೆ. 'ಎಂತ ಮಾರಾಯ, ನಿಂಗೆ ಊರಿನ ಮೇಲೆ ಅಭಿಮಾನ ಇಲ್ವನ?' ಅಂತ ಬೈಸಿಕೊಂಡೆ. ಈ ಕತೆಗಳನ್ನು ಬರೆದ ಆರ್. ಕೆ. ನಾರಾಯಣ್ ಮಾಲ್ಗುಡಿಯನ್ನು ಭೂಪಟದಲ್ಲಿ ಇಲ್ಲದ ಊರಾಗಿ ಕಟ್ಟಿದರು. ಹಾಗಾಗಿ ಎಲ್ಲರೂ ತಮ್ಮದೇ ಅನ್ನುತ್ತಾರೆ, ಬಿಡಿ. ಅದೂ ಅಲ್ಲದೆ ಹೆಂಚಿನ ಮಾಡು, ಮರದ ಕಂಬ, ಉದ್ದ ಜಗಲಿ ಕಂಡರೆ ನಮಗೆ ಅಜ್ಜನ ಮನೆಯ ಹಾಗೇ ಅನ್ನಿಸುತ್ತದೆ.

ನಮ್ಮ ಜಿಲ್ಲೆಯವರು ನಿಜವಾಗಿ ಹೆಮ್ಮೆಪಡಬೇಕಾದ ಇನ್ನೊಂದು ವಿಷಯ ಇದೆ, ಅದನ್ನು ಮಾತ್ರ ಯಾರೂ ಎತ್ತುವುದಿಲ್ಲ. ಸ್ವಾಮಿಯ ಅಪ್ಪನ ಪಾತ್ರ ಮಾಡಿದ್ದು ಗಿರೀಶ್ ಕಾರ್ನಾಡ್. ಅವರು ಬಾಲ್ಯ ಕಳೆದದ್ದು ಶಿರಸಿಯಲ್ಲಿ. ಶಂಕರ್ ನಾಗ್ ಕನ್ನಡ ಸಿನಿಮಾದಲ್ಲಿ ಮೊದಲು ಕಾಣಿಸಿಕೊಂಡಿದ್ದೂ ಕಾರ್ನಾಡರ ನಿರ್ದೇಶನದಲ್ಲಿ, 1978ರ 'ಒಂದಾನೊಂದು ಕಾಲದಲ್ಲಿ'. ಎಂಟು ವರ್ಷ ಬಿಟ್ಟು, 1986ರಲ್ಲಿ ದೂರದರ್ಶನಕ್ಕೆ ಬಂದ ಈ ಧಾರಾವಾಹಿಯಲ್ಲಿ ಶಂಕರ್ ನಿರ್ದೇಶಕ, ಕಾರ್ನಾಡ್ ನಟ. ಘಟ್ಟದ ಮೇಲೊಬ್ಬರು, ಘಟ್ಟದ ಕೆಳಗೊಬ್ಬರು. ಗುಂಪಿನಲ್ಲಿ ಇದನ್ನೂ ಹಾಕಿದ್ದೆ. ಎರಡು ಹೆಬ್ಬೆಟ್ಟು ಬಂತು, ಅಷ್ಟೇ.

ಈಗ ಎಲ್ಲಿಂದ ಶುರು ಅನ್ನುವುದು. ಮಕ್ಕಳಿದ್ದರೆ ಸ್ವಾಮಿಯ ಕಂತುಗಳೇ, ಅದರಲ್ಲೂ 'ಎ ಹೀರೋ'. ಹುಲಿಯ ಜೊತೆ ಹೋರಾಡಿದ ಹುಡುಗನ ಸುದ್ದಿಯನ್ನು ಅಪ್ಪ ಪೇಪರಿನಲ್ಲಿ ಓದುತ್ತಾನೆ. ಧೈರ್ಯ ಇದ್ದರೆ ನೀನೂ ಒಂದು ರಾತ್ರಿ ಆಫೀಸ್ ಕೋಣೆಯಲ್ಲಿ ಒಬ್ಬನೇ ಮಲಗು ಅನ್ನುತ್ತಾನೆ. ಅಜ್ಜಿಯ ಪಕ್ಕ ಬಿಟ್ಟು ಮಲಗಿ ಗೊತ್ತಿಲ್ಲದ ಹುಡುಗ ಅವನು. ಸ್ವಾಮಿಯ ಪಾತ್ರ ಮಾಡಿದ ಮಾಸ್ಟರ್ ಮಂಜುನಾಥ್ ಆ ರಾತ್ರಿ ಕಣ್ಣು ಅಗಲಿಸಿ ನೋಡುವುದನ್ನು ನಾನು ಎಷ್ಟು ಸಲ ನೋಡಿದ್ದೇನೋ. ಆದರೂ ನನ್ನ ವೋಟು ಕಾರ್ನಾಡರಿಗೆ. ಅವರು ದನಿ ಏರಿಸುವುದೇ ಇಲ್ಲ. ಕನ್ನಡಕದ ಹಿಂದಿನಿಂದ ಒಮ್ಮೆ ನೋಡಿದರೆ ಸಾಕು, ನೋಡುವ ನಾವೂ ನೆಟ್ಟಗೆ ಕೂರುತ್ತೇವೆ. ಹಾಗಂತ ಕೆಟ್ಟ ಅಪ್ಪ ಅಂತಲೂ ಅನ್ನಿಸುವುದಿಲ್ಲ.

ಈ ಕಂತನ್ನು ಮರುಪ್ರಸಾರದಲ್ಲಿ ಪಕ್ಕದ ಮನೆಯ ಕಪ್ಪು ಬಿಳುಪು ಟಿವಿಯಲ್ಲಿ ನೋಡಿ, ನಾನೂ ನನ್ನ ದೊಡ್ಡಪ್ಪನ ಮಗನೂ ಜಗಲಿಯಲ್ಲಿ ಇಬ್ಬರೇ ಮಲಗುವ ಪಂಥ ಕಟ್ಟಿದ್ದೆವು. ನಡುರಾತ್ರಿ ಹಿತ್ತಲಲ್ಲಿ ದೊಪ್ಪನೆ ಏನೋ ಬಿತ್ತು. ಇಬ್ಬರೂ ಒಳಗೆ ಓಡಿದೆವು. ಬೆಳಿಗ್ಗೆ ನೋಡಿದರೆ ಹಲಸಿನ ಹಣ್ಣು.

ಭಾಷೆ ಹಿಂದಿಯೇ ಇರಲಿ. ಮೊದಲ 13 ಕಂತುಗಳು ಇಂಗ್ಲಿಷಿನಲ್ಲೂ ತಯಾರಾಗಿದ್ದವು, ಆದರೆ ಮಕ್ಕಳಿಗೆ ಹಿಂದಿಯೇ ಸುಲಭ, ಮಾತೂ ಸರಳ. ನಮ್ಮಜ್ಜಿಗೆ ಹಿಂದಿಯ ಗಂಧವೇ ಇರಲಿಲ್ಲ. ಎರಡು ನಿಮಿಷಕ್ಕೊಮ್ಮೆ 'ಅಂವ ಎಂತ ಹೇಳ್ದ?' ಅಂತ ಕೇಳುತ್ತಿದ್ದರು. ಆಮೇಲಾಮೇಲೆ ಕೇಳುವುದನ್ನೇ ಬಿಟ್ಟರು. ನಾವು ಹೇಳಹೋದರೆ 'ಗೊತ್ತಾತು, ಸುಮ್ನಿರು' ಅನ್ನುತ್ತಿದ್ದರು. ಸಂಗೀತ ಕೊಟ್ಟ ಎಲ್. ವೈದ್ಯನಾಥನ್ ಅವರ ಆ 'ತಾನಾನ' ರಾಗ ಶುರುವಾದರೆ ಸಾಕು, ಅಡುಗೆಮನೆಯಿಂದ ಕೈ ಒರೆಸಿಕೊಂಡು ಬಂದು ಕೂರುತ್ತಿದ್ದರು.

ಒಂದು ಮಾತು. ಸ್ವಾಮಿ ಮುಗಿಯಿತು ಅಂತ ನಿಲ್ಲಿಸಬೇಡಿ. ಮಕ್ಕಳು ಮಲಗಿದ ಮೇಲೆ ನೀವು ನೋಡಬೇಕಾದ ಕಂತುಗಳು ಬೇರೆಯೇ ಇವೆ. 'ಮಿಸ್ಸಿಂಗ್ ಮೇಲ್'ನಲ್ಲಿ ಪೋಸ್ಟ್‌ಮ್ಯಾನ್ ತಾನಪ್ಪ ಒಂದು ಮನೆಯ ಮದುವೆ ನಿಲ್ಲಬಾರದು ಅಂತ ಒಂದು ಕಾಗದವನ್ನು ತಡೆಹಿಡಿಯುತ್ತಾನೆ. ಕೊನೆ ಹೇಳುವುದಿಲ್ಲ. 'ಫಾರ್ಟಿ ಫೈವ್ ಎ ಮಂತ್' ಅಂತ, ಕಡಿಮೆ ಸಂಬಳದ ಗುಮಾಸ್ತನ ಕತೆಯೂ ಇದೆ. ಮಗಳನ್ನು ಸಿನಿಮಾಕ್ಕೆ ಕರೆದುಕೊಂಡು ಹೋಗುತ್ತೇನೆ ಅಂತ ಮಾತು ಕೊಟ್ಟು ಆಫೀಸಿಗೆ ಹೋಗುತ್ತಾನೆ. ಹುಡುಗಿ ಚೆಂದ ಮಾಡಿಕೊಂಡು ಕಾಯುತ್ತಾಳೆ. ನನ್ನ ಅಪ್ಪ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. 'ಇವತ್ತು ಫಸ್ಟ್ ಶೋಗೆ ಹೋಗುವಾ' ಅಂದವರು ಅಂಗಡಿ ಮುಚ್ಚಿ ಬರುವಾಗ ಟಾಕೀಸಿನ ಸೆಕೆಂಡ್ ಶೋ ಶುರುವಾಗಿರುತ್ತಿತ್ತು. ಆಗ ಸಿಟ್ಟು ಬರುತ್ತಿತ್ತು. ಈ ಕಂತನ್ನು ದೊಡ್ಡವನಾದ ಮೇಲೆ ನೋಡಿದಾಗ ಅಪ್ಪನ ಪಕ್ಕದಲ್ಲೇ ಕೂತಿದ್ದೆ. ಇಬ್ಬರೂ ಏನೂ ಮಾತಾಡಲಿಲ್ಲ.

ಹುಡುಕುವಾಗ ಒಂದು ಜಾಗ್ರತೆ. ಶಂಕರ್ ನಾಗ್ ನಿರ್ದೇಶಿಸಿದ್ದು 39 ಕಂತು. 2006ರಲ್ಲಿ ಕವಿತಾ ಲಂಕೇಶ್ ನಿರ್ದೇಶನದಲ್ಲಿ ಇನ್ನೂ 15 ಬಂದವು. ಮೊದಲು ಹಳೆಯದನ್ನೇ ಮುಗಿಸಿ.

ಮತ್ತೆ, ಮಕ್ಕಳಿಗೆ ಸ್ವಾಮಿಯ ಮನೆ ತೋರಿಸಬೇಕು ಅಂತ ಅನ್ನಿಸಿಯೇ ಅನ್ನಿಸುತ್ತದೆ. ಅರಸಾಳಿಗೆ ನಮ್ಮ ಕಡೆಯಿಂದ ಗೇರುಸೊಪ್ಪೆ ಘಾಟಿ ಹತ್ತಿ ಸಾಗರದ ಮೇಲೆ ಹೋಗಬಹುದು. ಆಗುಂಬೆಗೆ ಮಾತ್ರ ಮಳೆಗಾಲ ಕಳೆದ ಮೇಲೆ ಹೋಗಿ. ನಾವು ಜುಲೈಯಲ್ಲಿ ಹೋಗಿ, ದೊಡ್ಡಮನೆ ನೋಡಿದ್ದಕ್ಕಿಂತ ಕಾಲಿನ ಉಂಬಳ ಕಿತ್ತಿದ್ದೇ ಜಾಸ್ತಿ.