ವೆಟ್ ಪ್ಲೇಟಿನ ನೆರಳು ಬೂದಾಗುವುದಕ್ಕೆ
ಕೊಲೋಡಿಯನ್ ಎಂಬ ಅಂಟು ದ್ರವ ಬಳಿದ ಗಾಜು ಅಥವಾ ತಗಡು ಒದ್ದೆಯಿರುವಾಗಲೇ ಫೋಟೋ ತೆಗೆಯುವ ಹಳೆಯ ವಿಧಾನವೇ ವೆಟ್ ಪ್ಲೇಟ್. ನಿಮ್ಮ ಪ್ಲೇಟಿನಲ್ಲಿ ಕಪ್ಪಾಗಿ ಉಳಿಯಬೇಕಾದ ನೆರಳೂ ಬೂದುಗಟ್ಟುತ್ತದೆ, ಮಾರ್ಚ್ ಕಳೆದ ಮೇಲೆ ಶುರುವಾಯಿತು ಅಂದಿದ್ದೀರಿ. ಹಾಗಾದರೆ ಹೆಚ್ಚಾಗಿ ಡೆವಲಪರಿನದ್ದೇ (ಚಿತ್ರ ಮೂಡಿಸುವ ದ್ರಾವಣದ್ದೇ) ಉಪದ್ರ. ನಿಮ್ಮ ಕಾಸರಗೋಡಿನ ಕುಂಬಳೆಯ ಸೆಕೆಗೆ ಅದು ವಿಪರೀತ ಚುರುಕಾಗುತ್ತದೆ. ಬೆಳಕು ಸೋರುತ್ತಿರಲೂಬಹುದು, ಸಿಲ್ವರ್ ಬಾತ್ (ಪ್ಲೇಟನ್ನು ಬೆಳಕಿಗೆ ಸ್ಪಂದಿಸುವಂತೆ ಮಾಡಲು ಅದ್ದುವ ಸಿಲ್ವರ್ ನೈಟ್ರೇಟ್ ದ್ರಾವಣ) ಕೆಟ್ಟಿರಲೂಬಹುದು.

ಮೊದಲು ಕೊಲೋಡಿಯನ್ ಬಳಿದ ಒಂದು ಪ್ಲೇಟನ್ನು ಬಾತಿನಲ್ಲಿ 3-4 ನಿಮಿಷ ಇಟ್ಟು, ಕ್ಯಾಮೆರಾಕ್ಕೆ ಹಾಕದೆ, ಕೆಂಪು ದೀಪವನ್ನೂ ಆರಿಸಿ ಡೆವಲಪ್ ಮಾಡಿ, ಫಿಕ್ಸ್ ಮಾಡಿ. ಸ್ವಚ್ಛವಾಗಿ ಬಂದರೆ ಬೆಳಕು ಸೋರುತ್ತಿದೆ ಎಂದರ್ಥ; ಪ್ಲೇಟ್ ಇಡುವ ಹೋಲ್ಡರು, ಕ್ಯಾಮೆರಾದ ಮಡಿಕೆ ಚೀಲವಾದ ಬೆಲ್ಲೋಸ್, ಕೆಂಪು ದೀಪ ಮೂರನ್ನೂ ಅನುಮಾನಿಸಿ.

ಬೂದಾಗಿಯೇ ಬಂದರೆ ಡೆವಲಪರ್ ಬದಲಿಸಿ: 350 ಮಿ.ಲೀ. ಡಿಸ್ಟಿಲ್ಡ್ ನೀರಿಗೆ ಫೆರಸ್ ಸಲ್ಫೇಟ್ 15 ಗ್ರಾಂ ಬದಲು 10 ಗ್ರಾಂ, ಗ್ಲೇಷಿಯಲ್ ಅಸಿಟಿಕ್ ಆಸಿಡ್ 15ರ ಬದಲು 20 ಮಿ.ಲೀ. ಬಾಟಲಿಯನ್ನು ಐಸ್ ನೀರಲ್ಲಿಟ್ಟು 20 ಡಿಗ್ರಿ ಆಸುಪಾಸಿಗೆ ತನ್ನಿ. ಹೊಯ್ದ ಮೇಲೆ ಬೆಳಕಿನ ಭಾಗ ಮೂಡಿ, ಮುಖದ ನಡುಬಣ್ಣ ಕಾಣಲು ಶುರುವಾದ ಕೂಡಲೇ, ಸುಮಾರು 15 ಸೆಕೆಂಡಿಗೆ, ನೀರು ಹೊಯ್ಯಿರಿ. ಅಂಗಿಯ ಮಡಿಕೆಯೂ ಕಾಣಲಿ ಅಂತ ಕಾದರೆ ಕೆಟ್ಟಿತು.

ಅದಕ್ಕೂ ಬಗ್ಗದಿದ್ದರೆ ಬಾತಿನ ಪಿಎಚ್ (ಆಮ್ಲೀಯತೆಯ ಅಳತೆ) ನೋಡಿ. 4ರ ಹತ್ತಿರ ಇರಬೇಕು. 5 ದಾಟಿದ್ದರೆ ನೀರು ಬೆರೆಸಿದ ನೈಟ್ರಿಕ್ ಆಸಿಡನ್ನು ಹನಿಹನಿಯಾಗಿ ಹಾಕಿ, ಪ್ರತಿ ಸಲ ಕಲಕಿ ಅಳೆಯಿರಿ. ಕನ್ನಡಕ, ಗ್ಲೌಸ್ ಬಿಡಬೇಡಿ. ಸಿಲ್ವರ್ ನೈಟ್ರೇಟ್ ಕಣ್ಣಿಗೆ ಹಾರಿದರೆ ದೃಷ್ಟಿಯೇ ಹೋಗಬಹುದು.